ಪರದೆಯ ಹಿಂದಿನ ಜಾಗ

ಹತ್ತನೆಯ ತರಗತಿ, ಅಮ್ಮತ್ತಿ, ಊಟದ ನಂತರದ ಪಿರಿಯಡ್ಡು.
ಕಪ್ಪು ಹಲಗೆಯ ಮೇಲೆ ಬರೆಯುತ್ತೇನೆ, ಸಂಧಿ ಐದು:
ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ.
'ಲೋಪ ಆಗಮ ಆದೇಶ ಅಲ್ವಾ ಟೀಚರ್ ಸಂಧಿ?' ಎಂದಳು ದೇಚಮ್ಮ,
ವ್ಯಾಕರಣದ ಪುಸ್ತಕವನ್ನು ಬೆಂಚಿನಡಿ ಹುಡುಕುತ್ತ.

ಇದು ಬೇರೆ, ಎಂದೆ. ಬೀಜ ಬಿದ್ದ ಕಡೆ ಮುಖ.
ಬಿಂದು, ನೀರಿಗೆ ಬಿದ್ದ ಎಣ್ಣೆಯ ಹನಿ, ಹರಡುತ್ತ ಹೋಗುತ್ತದೆ.
ಯಾರಿಗೂ ಹತ್ತಲಿಲ್ಲ. ಸರಿ,
ಮಾರ್ಚಿನಲ್ಲಿ ಹೂಮಳೆ ಒಂದಿಂಚು ಬಿದ್ದ ಒಂಬತ್ತನೆಯ ದಿನ
ತೋಟಕ್ಕೆ ತೋಟವೇ ಬೆಳ್ಳಗಾಗುವುದಿಲ್ಲವೆ,
ಆ ಮೊದಲ ಹನಿ. ಹಾಂ, ಎಂದರು ಎಲ್ಲರೂ.
'ಬ್ಯಾಕಿಂಗ್ ಮಳೆ ಬಾರದೆ ಹೋದರೆ?' ಚಂಗಪ್ಪ ಕೇಳಿದ,
ತೋಟದ ಲೆಕ್ಕ ಬಲ್ಲ ಹುಡುಗ.
ಅದೇ ವಿಮರ್ಶ, ಎಂದೆ. ನನಗೇ ಖುಷಿಯಾಯಿತು.

ಆಗ ಕೊನೆಯ ಬೆಂಚಿನಿಂದ ಬೊಳಕ ಎದ್ದ. ಲೈನ್ ಮನೆಯವನು,
ಆ ವರ್ಷ ಎದ್ದದ್ದು ಅದೇ ಮೊದಲು.
'ಈ ನೇಪಥ್ಯ ಯಾರು ಟೀಚರ್?
ಪಾತ್ರಗಳ ಪಟ್ಟಿಯಲ್ಲಿ ಎಸರಿಲ್ಲ.
ಅಂಕಕ್ಕೊಂದು ಸಲ ಮಾತಾಡ್ತಾನೆ, ಎಲ್ಲರೂ ಬೆಚ್ಚುತ್ತಾರೆ,
ಯಾವ ವೇಷ ಅಂತ ಮಾತ್ರ ಬರೆದಿಲ್ಲ.'

ತರಗತಿ ನಕ್ಕಿತು. ಆ ನಗುವಿನಲ್ಲಿ ನನ್ನದೂ ಇತ್ತು.
ಅದು ಆಳಲ್ಲಪ್ಪ, ಜಾಗ. ಬರೆದುಕೋ:
ನೇಪಥ್ಯ ಎಂದರೆ ಪರದೆಯ ಹಿಂದಿನ ಜಾಗ.

ವಾರ್ಷಿಕೋತ್ಸವದ ನಾಟಕ ನಾನೇ ಬರೆದದ್ದು.
ಅರಸ ಚಂಗಪ್ಪ, ಹಾಕಿ ತಂಡದ ಗೋಲ್‌ಕೀಪರ್,
ಕಿರೀಟ ಇಟ್ಟರೆ ಬಾಗಿಲಿಗೆ ತಾಗುವಷ್ಟು ಎತ್ತರ.
ದೇಚಮ್ಮ ರಾಣಿ. ವಿದೂಷಕ ನೌಷಾದ್,
ಅವನಿಗೆ ಮಾತು ಬರೆದುಕೊಡುವ ಅಗತ್ಯವಿರಲಿಲ್ಲ.
ಬೊಳಕನ ನಾಲಗೆಯಲ್ಲಿ 'ಹ' ನಿಲ್ಲದು,
ಮಹಾರಾಜ ಮಾರಾಜನಾಗುತ್ತಾನೆ.
ಕೈಗೆ ಟಾರ್ಚು, ಹಸ್ತಪ್ರತಿ ಕೊಟ್ಟು,
ಮರೆತವರಿಗೆ ಹಿಂದಿನಿಂದ ಹೇಳಿಕೊಡು,
ಅದೂ ಒಂದು ಪಾತ್ರವೇ, ಎಂದೆ. ಸುಳ್ಳು.

ಹೆಡ್‌ಮಾಸ್ಟರು ಗಡಿಯಾರ ನೋಡಿದರು:
ಏಳೂವರೆಗೆ ಮುಗೀಬೇಕು, ಆನೆ ಇಳಿಯೋ ಹೊತ್ತು.
ಐದರಲ್ಲಿ ಒಂದು ಸಂಧಿ ಬಿಟ್ಟರೆ ಏನು ನಷ್ಟ?

ಕಾಫಿ ಒಣಗಿಸುವ ಟಾರ್ಪಾಲೇ ನಮ್ಮ ಪರದೆ,
ಎಳೆದಾಗಲೆಲ್ಲ ಹಳೆಯ ಹಣ್ಣಿನ ಹುಳಿವಾಸನೆ.
ಮೂರನೆಯ ಅಂಕ. ಗರ್ಭಸಂಧಿ,
ಸಿಕ್ಕಿತೆಂದದ್ದು ಕೈಜಾರುವ ತಾಣ.
ತೀರ್ಪು ಕೊಡಲು ಅರಸ ಬಾಯಿ ತೆರೆದ.
ಎರಡು ಮೈಲಿ ಆಚೆ ಒಂಟಿ ಸಲಗವೊಂದು
ಸಿಲ್ವರ್ ಮರವನ್ನು ತಂತಿಯ ಮೇಲೆ ಕೆಡವಿತ್ತು
(ಇದು ಮರುದಿನ ತಿಳಿದದ್ದು).
ನೇಪಥ್ಯದಲ್ಲಿ ಆನೆ. ರಂಗದ ಮೇಲೆ ಕತ್ತಲು.
ತೆರೆದ ಬಾಯಿ ತೆರೆದೇ ಇದ್ದಿರಬೇಕು, ಮಾತು ಬರಲಿಲ್ಲ.

ಟಾರ್ಪಾಲಿನ ಆಚೆಯಿಂದ ಒಂದು ದನಿ.
ಟಾರ್ಚು ಹಚ್ಚಿರಲಿಲ್ಲ. ಹಾಳೆ ಬೇಕಿರಲಿಲ್ಲ.
ಅರಸನ ಮಾತು ಅರಸನಂತೆ, ರಾಣಿಯದು ರಾಣಿಯಂತೆ,
ನೌಷಾದನ ಕೆಮ್ಮು ಸಮೇತ.
ಸಪ್ಪೆಯೆಂದು ನಾನು ಗೀಟು ಹಾಕಿದ್ದ ಸ್ವಗತ,
ಅದನ್ನೂ ಅವನು ಬಿಡಲಿಲ್ಲ:
'ನ್ಯಾಯ ಯಾರ ಕಡೆಗೆಂದು ಬಲ್ಲೆ. ಏಳುವ ಧೈರ್ಯ ಸಾಲದು.'
ಹೇಳುವ, ಎಂದು ನಾನು ಬರೆದದ್ದು.
ಬೆಂಚುಗಳ ಕಿರುಗುಟ್ಟೂ ನಿಂತಿತು.
ಯಾರದೋ ಮಗು ಮಾತ್ರ ಚಕ್ಕುಲಿ ಕಡಿಯುತ್ತಿತ್ತು.

ಜನರೇಟರ್ ಕೆಮ್ಮಿ ಬೆಳಕು ಬಂದಾಗ
ದನಿ ಅರ್ಧ ವಾಕ್ಯಕ್ಕೆ ನಿಂತಿತು.
ಚಪ್ಪಾಳೆ ಚಂಗಪ್ಪನಿಗೆ ಬಿತ್ತು; ಪಾಪ,
ಎರಡು ಸಲ ಹಿಂದೆ ತಿರುಗಿ ನೋಡಿದ.
ವಂದನಾರ್ಪಣೆಯಲ್ಲಿ ಟಾರ್ಪಾಲು ಕೊಟ್ಟವರ ಹೆಸರಿತ್ತು.
ಓದಿದವಳು ನಾನು.

ಪರೀಕ್ಷೆ. ಪ್ರಶ್ನೆ ಹದಿನಾರು:
ನೇಪಥ್ಯ ಎಂದರೇನು? ಒಂದು ಅಂಕ.
ಬೊಳಕನ ಹಾಳೆಯಲ್ಲಿ, ಒತ್ತಿ ಬರೆದ ದುಂಡಕ್ಷರ:
ಪರದೆಯ ಇಂದಿನ ಜಾಗ.

ಕೆಂಪು ಪೆನ್ನಿನ ಮುಚ್ಚಳ ತೆಗೆದು ಬಹಳ ಹೊತ್ತು ಕೂತಿದ್ದೆ.
ತಿದ್ದಲಿಲ್ಲ.
ಕೊಟ್ಟದ್ದು ಒಂದೇ ಅಂಕ,
ಕೊಡಲು ಅಷ್ಟೇ ಇತ್ತು.